ಎರಡು ಶೈಲಿಯ ಬಚ್ಚಲು

ಬಚ್ಚಲಿನ ಬಾಗಿಲು ಕಳಚಿ ಬಿದ್ದಾಗ ಅತ್ತೆ ಒಳಗಿದ್ದರು. ಬೀಗ ರಿಪೇರಿಯವನ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ಊರಿನ ಬಾಗಿಲುಗಳಿಗೆಲ್ಲ ಭದ್ರವಾಗಿ ಬೀಗ ಕೂರಿಸಿಕೊಡುವ ಮಹಾನುಭಾವ ಆತ. ಮನೆಯಲ್ಲಿದ್ದ ಒಂದೇ ಬಚ್ಚಲಿನ, ಕಕ್ಕಸಿಗೂ ಸ್ನಾನಕ್ಕೂ ಅದೇ ಗತಿಯಾದ ಬಚ್ಚಲಿನ, ಬಾಗಿಲಿಗೆ ಗೆದ್ದಲು ಹತ್ತಿದ್ದು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಅಳಿಯಂದಿರೇ, ಮೊದಲು ಆ ಕಡೆ ತಿರುಗಿ," ಎಂದರು ಅತ್ತೆ. "ಸಂಜೆಯೊಳಗೆ ಬಾಗಿಲು ನಿಂತರೆ ಸರಿ. ಇಲ್ಲದಿದ್ರೆ ನಾನೂ ನನ್ನ ಮಗಳೂ ದೊಡ್ಡವಳ ಮನೆಗೆ ಹೊರಟ್ವಿ ಅಂದ್ಕೊಳ್ಳಿ."

"ಅಮ್ಮ ಹೇಳಿದ್ರಲ್ಲಿ ತಪ್ಪೇನಿದೆ ರೀ?" ಎನ್ನುತ್ತ ಹೆಂಡತಿ ಮಂಚದ ಕೆಳಗಿನ ಟ್ರಂಕನ್ನು ಆಗಲೇ ಎಳೆಯತೊಡಗಿದ್ದಳು.

ಅವರಿದ್ದ ಬೀದಿ ಆ ಮಹಾನಗರದ ಹೆಮ್ಮೆ. ಒಂದು ಸಾಲಿನ ಕಟ್ಟಡಗಳಿಗೆ ಚೂಪು ಕಮಾನು, ಗುಮ್ಮಟ, ಬಣ್ಣದ ಗಾಜು. ರಾಜನೊಬ್ಬ ತನ್ನ ಕಿರೀಟಗಳನ್ನೆಲ್ಲ ಬಿಸಿಲಿಗೆ ಹರವಿ ಮರೆತುಹೋದ ಹಾಗೆ. ಎದುರು ಸಾಲಿಗೆ ಬರೀ ನೇರ ಗೆರೆ, ದುಂಡು ಮೂಲೆ. ಹಡಗುಗಳು ದಾರಿ ತಪ್ಪಿ ನೆಲ ಹತ್ತಿದ ಹಾಗೆ. ಎರಡೂ ಸಂರಕ್ಷಿತ, ಒಂದು ಮೊಳೆ ಹೊಡೆಯಲೂ ಅನುಮತಿ ಬೇಕು. ಇವನ ಮನೆಯಿದ್ದದ್ದು ಮೂಲೆಯ ಕಟ್ಟಡದಲ್ಲಿ. ಅದರ ಮುಂಭಾಗ ಕಮಾನು, ಆಮೇಲೆ ಸೇರಿಸಿದ ಹಿಂಭಾಗ ಗೆರೆ. ಎರಡೂ ಕೂಡುವ ಸಂದು ಸರಿಯಾಗಿ ಬಚ್ಚಲಿನ ನಡುವೆ ಹಾದಿತ್ತು.

ಪ್ಲೈವುಡ್ ಬಾಗಿಲೊಂದನ್ನು ಹೆಗಲಿಗೇರಿಸಿಕೊಂಡು ಬಂದವನನ್ನು ಕೆಳಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲಲ್ಲೇ ತಡೆದರು. ಕೆಲಸವಿಲ್ಲದ ಮೇಲೆ ಇಡೀ ಕಟ್ಟಡವೇ ಅವರಿಗೆ ತರಗತಿಯಾಗಿತ್ತು.

"ಸವಾರಿ ಎಲ್ಲಿಗೆ?"

"ಬಚ್ಚಲಿಗೆ, ಸಾರ್."

"ಸಂರಕ್ಷಿತ ಕಟ್ಟಡಕ್ಕೆ ಪ್ಲೈವುಡ್ಡು. ನಾಳೆ ಗುಮ್ಮಟ ಸೋರಿದ್ರೆ ಬಕೆಟ್ ಬೋರಲು ಹಾಕ್ತೀರಿ, ಅಲ್ವೇ?"

ಅವನು ಮೇಲೆ ಹತ್ತುವಷ್ಟರಲ್ಲಿ ಮೇಷ್ಟ್ರು ಕಟ್ಟಡ ಸಂರಕ್ಷಣೆಯ ಕಚೇರಿಗೆ ಫೋನು ಮಾಡಿ ಮುಗಿಸಿದ್ದರು.

ಮಧ್ಯಾಹ್ನಕ್ಕೆ ತಜ್ಞರು ಇಬ್ಬರು ಬಂದರು. ಕಮಾನಿನ ವಿಭಾಗದ ಸಾಹೇಬರು, ಗೆರೆಯ ವಿಭಾಗದ ಮೇಡಂ. ಅಕ್ಕಪಕ್ಕದ ಕೋಣೆಯಲ್ಲೇ ಕೂತರೂ ಹನ್ನೊಂದು ವರ್ಷದಿಂದ ಮಾತು ಬಿಟ್ಟವರು. ಬಚ್ಚಲಿನೊಳಗೆ ನಿಂತು ಇಬ್ಬರೂ ಗೋಡೆಯ ಜೊತೆ ಮಾತಾಡಿದರು.

"ಬಾಗಿಲು ತೇಗದ್ದು, ತುದಿ ಚೂಪಾಗಿರಬೇಕು," ಎಂದರು ಸಾಹೇಬರು ಕಿಟಕಿಗೆ.

"ಚಪ್ಪಟೆ ಬಾಗಿಲು. ನಡುವೆ ಹಡಗಿನ ಕಿಟಕಿಯಂಥ ದುಂಡು ಗಾಜು," ಎಂದರು ಮೇಡಂ ನಲ್ಲಿಗೆ.

"ಬಚ್ಚಲಿಗೆ ಗಾಜೇನಮ್ಮ?" ಎಂದರು ಅತ್ತೆ.

"ಅದು ಆ ಕಾಲದ ಲಕ್ಷಣ, ನಿಮಗೆ ತಿಳಿಯೋಲ್ಲ."

"ಯಾವುದಾದರೂ ಒಂದು ಹಾಕಿ ಸ್ವಾಮಿ," ಎಂದ ಬೀಗದವನು. ಬೆಳಗಿನಿಂದ ಅವನೂ ತಡೆದುಕೊಂಡೇ ಇದ್ದ.

"ಯಾವುದಾದರೂ ಅಂದ್ರೇನ್ರೀ?" ಇಬ್ಬರೂ ಒಟ್ಟಿಗೇ ತಿರುಗಿಬಿದ್ದರು. ಹನ್ನೊಂದು ವರ್ಷದಲ್ಲಿ ಅವರು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಪರದೆ ಕಟ್ಟಲು ಹೊರಟರೆ ಮೊಳೆ ಕೂಡದೆಂದರು, ತಜ್ಞರ ಹಿಂದೆಯೇ ಹತ್ತಿ ಬಂದಿದ್ದ ಮೇಷ್ಟ್ರು. ಹೆಂಡತಿ ಸೀರೆ ಮಡಿಸತೊಡಗಿದಳು. ಆಗ ಬೀಗದವನಿಗೆ ಜಾಣತನ ಉಕ್ಕಿತು. ಕೈಮುಗಿದು ಬೆಣ್ಣೆ ಹಚ್ಚಿದ: "ಎರಡು ಮಹಾನ್ ಶೈಲಿಗಳು ಒಂದೇ ಕೋಣೇಲಿ ಕೈ ಹಿಡ್ಕೊಂಡು ನಿಂತಿರೋದು ಈ ಊರಲ್ಲಿ ಇನ್ನೆಲ್ಲೂ ಇಲ್ಲ. ತಾವಿಬ್ಬರೂ ಒಂದು ಮಾತಿಗೆ ಬಂದ್ರೆ ಚರಿತ್ರೆ ಆಗುತ್ತೆ."

ತಜ್ಞರು ಸಂದನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು. ಮೇಡಂ ಕಣ್ಣೊರೆಸಿಕೊಂಡರು. ಸಾಹೇಬರು ತಮ್ಮ ಪೆನ್ನನ್ನು ಅವರಿಗೆ ಕೊಟ್ಟರು. ಮೆಟ್ಟಿಲ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು ಆದೇಶ ಬರೆದರು. ಬೀಗದವನು ಗೆದ್ದವನ ಹಾಗೆ ಹೆಂಡತಿಯ ಕಡೆ ನೋಡಿದ. ಅವಳು ಟ್ರಂಕಿನ ಮುಚ್ಚಳ ಹಾಕದೆ ಕಾದಳು.

ನಾಲ್ಕು ಗಂಟೆಗೆ ಆದೇಶವನ್ನು ಗೋಡೆಗೆ ಅಂಟಿಸಿದರು. ನಗರದಲ್ಲಿ ಇಂಥದ್ದು ಇದೊಂದೇ ಆದ್ದರಿಂದ ಸದರಿ ಬಚ್ಚಲು ಇಂದಿನಿಂದ ಸಾರ್ವಜನಿಕ ವೀಕ್ಷಣೆಗೆ ತೆರೆದಿರತಕ್ಕದ್ದು. ನೋಟಕ್ಕೆ ಅಡ್ಡಿಯಾಗುವ ಯಾವುದೇ ವಸ್ತುವನ್ನು, ವಿಶೇಷವಾಗಿ ಬಾಗಿಲನ್ನು, ಇಡಕೂಡದು. ಉಸ್ತುವಾರಿ ಕೆಳಮನೆ ಮೇಷ್ಟ್ರದ್ದು.

ಮುಚ್ಚಳ ಧಡ್ ಎಂದು ಬಿತ್ತು. ಅತ್ತೆ ಮುಂದೆ, ಮಗಳು ಹಿಂದೆ. ಬೀದಿಯ ತಿರುವಿನವರೆಗೂ ಗೋಗರೆದು, ಆಟೋ ಹೊರಟ ಮೇಲೆ ಬೀಗದವನು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲು ಹಾರಿ ಬಂದ.

ಬಚ್ಚಲಿನ ಮುಂದೆ ಇಡೀ ಕಟ್ಟಡವೇ ಸಾಲು ನಿಂತಿತ್ತು. ಹೊಸ್ತಿಲಿಗಡ್ಡ ಕುರ್ಚಿ ಹಾಕಿ ಕೂತಿದ್ದ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

"ಸಾಲಲ್ಲಿ ಬನ್ನಿ ಸ್ವಾಮಿ. ಒಳಗೆ ನೋಡೋದಷ್ಟೇ, ಏನನ್ನೂ ಉಪಯೋಗಿಸೋ ಹಾಗಿಲ್ಲ."