ಮಂಚದ ಕೆಳಗಿನ ಮಮ್ಮಿ

ಹನಮಂತ ಮಾಡಿದ ತಪ್ಪು ಇಷ್ಟೇ: ಬೆಳಗ್ಗೆ ಒಂದು ಚೀಲ ಕಲ್ಲುಪ್ಪು ತಂದ. ಅದೂ ಮನೆ ಓನರ್ ಹೆಂಡತಿ ಸತ್ಯಭಾಮಾ ಗೇಟಿನಲ್ಲಿ ನಿಂತಿದ್ದಾಗ.

"ಇಷ್ಟೊಂದು ಉಪ್ಪು ಯಾಕಪ್ಪಾ?"

"ಏನಿಲ್ರಿ ಮೇಡಂ," ಎಂದವನೇ ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಬಾಗಲಕೋಟೆಯಿಂದ ಬಂದವನು ಜಯನಗರದಿಂದ ಬಿಟಿಎಂವರೆಗೆ ಬೀದಿಬೀದಿ ಅಲೆದಿದ್ದ. "ನೀವು ಯಾವ ಜನ?" ಎಂದವರಿಗೆ ನಿಜ ಹೇಳಿದ ಕಡೆಯೆಲ್ಲ ಬಾಗಿಲು ಮುಚ್ಚಿತ್ತು. ಈ ಊರಿನಲ್ಲಿ ಮನೆ ಬೇಕಾದರೆ ಮೊದಲು ಒಂದು ಸುಳ್ಳನ್ನು ಬಾಡಿಗೆಗೆ ಹಿಡಿಯಬೇಕು. ಹಾಗೆ ಹಿಡಿದ ಮನೆ ಇದು. ಇದೂ ಹೋದರೆ ತಾಯಿ ದುಂಡವ್ವನ ಜೊತೆ ಬಸ್‌ಸ್ಟ್ಯಾಂಡೇ ಗತಿ.

ಸತ್ಯಭಾಮಾ ಕಿಟಕಿಯಲ್ಲಿ ಇಣುಕಿದರು. ಹನಮಂತ ಹಳೇ ಪಂಚೆ ಹರಿದು ಪಟ್ಟಿ ಮಾಡಿ, ಉಪ್ಪು ಸುರಿದು, ಏನನ್ನೋ ಸುತ್ತಿ ಮಂಚದ ಕೆಳಗೆ ತಳ್ಳುತ್ತಿದ್ದ. ಕುಕ್ಕರ್ ಸೀಟಿಯಂತೆ ಕೂಗುತ್ತ ಆಕೆ ಗಂಡ ವೆಂಕಟಾಚಲರ ಬಳಿ ಓಡಿದರು.

"ರೀ, ನಿನ್ನೆ ಕೇಬಲ್ಲಲ್ಲಿ ತೋರಿಸ್ಲಿಲ್ವಾ? ಈಜಿಪ್ಟಿನೋರು ಹೆಣಾನ ಉಪ್ಪಲ್ಲಿ ಒಣಗಿಸಿ ಬಟ್ಟೆ ಸುತ್ತೋದು? ಇವ್ನೂ ಅದನ್ನೇ ಮಾಡ್ತಿದಾನೆ! ಅವರಮ್ಮ ಬೆಳಗ್ಗೆಯಿಂದ ಕಾಣ್ತಿಲ್ಲ!"

"ಗಂಟು ಎಷ್ಟುದ್ದ ಇದೆ?"

"ಎರಡು ಮೊಳ."

"ಆಯಮ್ಮ ಅದಕ್ಕಿಂತ ಉದ್ದ ಇದ್ರಲ್ಲೇ."

"ಒಣಗಿದ್ರೆ ಕುಗ್ಗುತ್ತೆ ರೀ!"

ಮಹಡಿ ಮನೆಯ ರವಿಕುಮಾರ್ ಕರೆಯದೆಯೇ ಇಳಿದು ಬಂದ. "ಈಗ್ಲೂ ಮಾಡ್ತಾರೆ ಸಾರ್. ಫಾರಿನ್ನಲ್ಲಿ ಲೀಡರ್‌ಗಳ ಹೆಣಾನ ಮದ್ದು ಹಾಕಿ ಗಾಜಿನ ಪೆಟ್ಟಿಗೇಲಿ ಇಟ್ಟಿದಾರೆ. ಅಲ್ನೋಡಿ ಬೆಕ್ಕುಗಳು! ಈಜಿಪ್ಟಲ್ಲಿ ಬೆಕ್ಕಿಗೆ ಪೂಜೆ ಮಾಡ್ತಿದ್ರು!"

ನಿಜ. ಹನಮಂತನ ಬಾಗಿಲ ಮುಂದೆ ಬೀದಿಯ ಬೆಕ್ಕುಗಳೆಲ್ಲ ಊಟದ ಪಂಕ್ತಿಗೆ ಕೂತಂತೆ ಸಾಲಾಗಿ ಕೂತಿದ್ದವು.

ವೆಂಕಟಾಚಲ ಬಾಗಿಲು ಬಡಿದರು. "ಏನದು ಗಂಟು?"

"ಹಾಸಿಗಿರಿ ಸರ್."

"ಹಾಸಿಗೆಗೆ ಉಪ್ಪು?"

"ತಗಣಿ ಆಗ್ಯಾವ್ರಿ."

"ನಿಮ್ಮಮ್ಮ ಎಲ್ಲಿ?"

ಅವ್ವ ಕೋಣನಕುಂಟೆಯ ತನ್ನ ತಂಗಿಯ ಮನೆಗೆ ಹೋಗಿದ್ದಾಳೆ ಎಂದರೆ ಅಲ್ಲಿ ಯಾವ ಕೇರಿ ಎನ್ನುತ್ತಾರೆ; ಜಾತಿ ಹೊರಬೀಳುತ್ತದೆ. "ಮಲಗ್ಯಾಳ್ರಿ," ಎಂದ. "ಏಳೂದಿಲ್ರಿ."

ಸತ್ಯಭಾಮಾ ಚೀರಿದರು. ಅರ್ಧ ಗಂಟೆಯಲ್ಲಿ ಕಾನ್‌ಸ್ಟೇಬಲ್ ಪಿಳ್ಳಪ್ಪ ಬಂದ. ಹಿಂದೆಯೇ ಇಡೀ ಬೀದಿ ಬಂತು. ಜನರನ್ನು ಸರಿಸಿಕೊಂಡು, ಚೀಲ ಹಿಡಿದ ಮುದುಕಿಯೊಬ್ಬಳು ಒಳಗೆ ನುಗ್ಗಿದಳು.

"ಯಾಕ್ರಿ, ಯಾರ್ ಸತ್ರು?"

"ನೀವೇ, ದುಂಡವ್ವ!" ಎಂದರು ಸತ್ಯಭಾಮಾ.

"ಹಾಗಾದ್ರೆ ಗಂಟಲ್ಲಿರೋದು ಯಾರು?" ಎಂದ ಪಿಳ್ಳಪ್ಪ ಲಾಠಿಯಿಂದ ಎಳೆದು ಬಿಚ್ಚಿದ. ಉಪ್ಪು ಸುರಿಯಿತು. ಅದರ ಹಿಂದೆ ಒಣಮೀನು, ಒಂದರ ಮೇಲೊಂದು.

"ಊರಿಂದ ತಂದಿದ್ನೋ ತಮ್ಮಾ," ಎಂದಳು ದುಂಡವ್ವ. "ಥಂಡಿಗೆ ಕೆಡ್ತಾವಂತ ಉಪ್ಪು ಹಾಕಂದಿದ್ದೆ."

ಪಿಳ್ಳಪ್ಪ ಹೊಟ್ಟೆ ಹಿಡಿದು ನಕ್ಕ. ಹನಮಂತನಿಗೂ ಜೀವ ಬಂದಂತಾಯಿತು. "ನೋಡ್ರಿ ಸರ್, ಹೆಣ ಅಲ್ಲ!"

ವೆಂಕಟಾಚಲ ಮೂಗಿಗೆ ಶಲ್ಯ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಿದ್ದರು.

"ಹೆಣ ಆಗಿದ್ರೆ ಕೋರ್ಟು ನೋಡ್ಕೊಳ್ತಿತ್ತು. ಪುಣ್ಯಾಹ ಮಾಡಿಸಿ ಸುಮ್ಮನಾಗ್ತಿದ್ದೆ. ನಮ್ಮನೇಲಿ ಮೀನಾ? ಸಾಯಂಕಾಲದೊಳಗೆ ಖಾಲಿ ಮಾಡಿ!"

ಪಿಳ್ಳಪ್ಪ ಗಂಟನ್ನು ಮತ್ತೆ ಕಟ್ಟಿ ಕಂಕುಳಿಗೆ ಸಿಕ್ಕಿಸಿಕೊಂಡ. "ಸಾಕ್ಷಿಗೆ ಬೇಕು."

"ಯಾರೂ ಸತ್ತಿಲ್ಲಲ್ರಿ ಸರ್!"

"ಮೀನು ಸತ್ತಿಲ್ವೇನಯ್ಯ?"

ಹನಮಂತ ಉಳಿದ ಪಟ್ಟಿಗಳಿಂದ ಪಾತ್ರೆ ಪಗಡ ಕಟ್ಟತೊಡಗಿದ. ಹೊರಗೆ ಬೆಕ್ಕುಗಳು ಎದ್ದು, ತಲೆ ಬಗ್ಗಿಸಿ, ಶವಯಾತ್ರೆಯಂತೆ ಪಿಳ್ಳಪ್ಪನ ಹಿಂದೆ ನಡೆದವು.