ಮಾವನ ಫೋರ್ಕ್ ಎಣ್ಣೆ

ನನ್ನ ಸೋದರಮಾವನ ಮೋಟಾರ್ ಸೈಕಲ್ಲು ಕುಡಿದಷ್ಟು ಎಣ್ಣೆಯನ್ನು ನಮ್ಮ ವಂಶದ ಯಾವ ತಲೆಯೂ ಕಂಡಿಲ್ಲ! ಕುಡಿದದ್ದು ಇಂಜಿನ್ ಅಲ್ಲ, ಮುಂದಿನ ಫೋರ್ಕು. ಹ್ಯಾಂಡಲ್ಲಿನಿಂದ ಮುಂಚಕ್ರಕ್ಕೆ ಇಳಿಯುವ ಆ ಎರಡು ಕೊಳವೆಗಳೊಳಗೆ ಕುಲುಕಾಟ ತಡೆಯಲು ಒಂದಿಷ್ಟು ಎಣ್ಣೆ ಇರುತ್ತದೆ. ಲೋಕದ ಜನ ಅದನ್ನು ಬದಲಾಯಿಸಿದರೆ ವರ್ಷಕ್ಕೊಮ್ಮೆ. ಇಲ್ಲವಾದರೆ ಗಾಡಿ ಮಾರುವವರೆಗೂ ಮರೆತಿರುತ್ತಾರೆ. ಮಾವ ಮಾತ್ರ ಭಾನುವಾರ ಬಂತೆಂದರೆ ತುಮಕೂರಿನ ಪಕ್ಕದ ಮರಳೂರಿನ ಮನೆಯ ಮುಂದೆ ಸ್ಪ್ಯಾನರ್ ಹಿಡಿದು ಕೂತುಬಿಡುತ್ತಿದ್ದರು.

ಆಗಷ್ಟೇ ಎಂಬತ್ತರ ದಶಕ ಶುರುವಾಗಿತ್ತು. ಅತ್ತೆ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗುಬ್ಬಿಯಲ್ಲಿದ್ದ ನಮ್ಮಮ್ಮ, ಬಂದು ತನ್ನ ಜೊತೆಗಿರು ಎಂದು ತಮ್ಮನನ್ನು ಎಷ್ಟೋ ಕರೆದಳು. ಆ ರಸ್ತೆಯ ಗುಂಡಿಗಳಿಗೆ ಫೋರ್ಕು ಉಳಿಯುವುದಿಲ್ಲ ಎಂದು ಇವರು ಜಾರಿಕೊಂಡರು.

ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು ಎಂಬುದು ಮಾವನ ಸಿದ್ಧಾಂತ. ಕೆಳಗಿನ ಸ್ಕ್ರೂ ಬಿಚ್ಚಿದ ಮೇಲೆ ಒಬ್ಬರು ಬ್ರೇಕ್ ಹಿಡಿದು ಹ್ಯಾಂಡಲ್ ಒತ್ತಬೇಕು, ಇನ್ನೊಬ್ಬರು ಡಬ್ಬಿ ಹಿಡಿಯಬೇಕು. ಒತ್ತುವವರು ಯಾರಾದರೇನು? ಪೇಪರ್ ಕೇಳಲು ಬಂದ ಪಕ್ಕದ ಮನೆಯ ಮೇಷ್ಟರನ್ನೇ ಒಮ್ಮೆ ಹಿಡಿದರು. ಮೇಷ್ಟರು ಉತ್ಸಾಹದಿಂದ ಒತ್ತಿದರು. ಎಣ್ಣೆ ಅಷ್ಟೇ ಉತ್ಸಾಹದಿಂದ ಅವರ ಬಿಳಿ ಪಂಚೆಗೆ ಚಿಮ್ಮಿತು. ಅಂದಿನಿಂದ ಅವರು ಕಾಂಪೌಂಡಿನಾಚೆ ನಿಂತೇ ಪೇಪರಿಗೆ ಕೈ ಚಾಚುತ್ತಿದ್ದರು.

ಕುಣಿಗಲ್ಲಿನಿಂದ ಎರಡನೇ ಸಂಬಂಧದ ಮಾತಿಗೆ ಬಂದ ಹೆಣ್ಣಿನ ಅಣ್ಣನಿಗೂ ವಿನಾಯಿತಿ ಸಿಗಲಿಲ್ಲ. ಆತ ತೋಳು ಮಡಚಿ ಒತ್ತಿದ. ಮಾವ ಔನ್ಸ್ ಗ್ಲಾಸಿನಲ್ಲಿ ಹೊಸ ಎಣ್ಣೆ ಅಳೆಯುತ್ತಾ, ಅತ್ತೆಗೆ ಔಷಧಿ ಕೊಡುತ್ತಿದ್ದದ್ದೂ ಇದೇ ಗ್ಲಾಸಿನಲ್ಲಿ ಎಂದರು. ಆತ ತಂಗಿಯ ವಿಷಯ ಎತ್ತಲೇ ಇಲ್ಲ. ಸಂಬಂಧ ಮುರಿಯಿತೇ? ಮುರಿಯಿತು! ಆದರೆ ಮುಂದಿನ ಭಾನುವಾರ ತನ್ನ ಗಾಡಿಯನ್ನೇ ತಂದು ನಿಲ್ಲಿಸಿದ.

ನಾನು ತುಮಕೂರಿನಲ್ಲಿ ಕೆಲಸಕ್ಕೆ ಸೇರಿ ರೂಮು ಮಾಡಿದ ಮೇಲೆ ಒತ್ತುವ ಹುದ್ದೆ ನನಗೆ ಖಾಯಂ ಆಯಿತು. ಒತ್ತುತ್ತಾ ಅವರ ಮಾತು ಕೇಳಬೇಕು. ಆಫೀಸಿನಲ್ಲಿ ಯಾರು ರಿಟೈರಾದರು, ಅವರೆಕಾಯಿ ಯಾವ ಊರಿನದು ಚೆನ್ನ, ರೇಡಿಯೊ ಆರಿಸಿದ ಮೇಲೆ ಮನೆ ಎಷ್ಟು ದೊಡ್ಡದಾಗಿಬಿಡುತ್ತದೆ... ಇದನ್ನೆಲ್ಲ ನನ್ನ ಮುಖ ನೋಡಿ ಹೇಳುತ್ತಿರಲಿಲ್ಲ, ಚಕ್ರಕ್ಕೆ ಹೇಳುತ್ತಿದ್ದರು.

ಒಂದು ಭಾನುವಾರ ಎಣ್ಣೆ ಡಬ್ಬಿಗೆ ಇಳಿಯುವಾಗ ಬಗ್ಗಿ ನೋಡಿದೆ. ಕಪ್ಪಿಲ್ಲ, ಕೊಳೆಯಿಲ್ಲ, ತಿಳಿಯಾಗಿ ಹೊಳೆಯುತ್ತಿತ್ತು.

"ಎಣ್ಣೆ ಚೆನ್ನಾಗೇ ಇದ್ಯಲ್ಲ ಮಾವ, ಯಾಕ್ ಬದಲಾಯಿಸ್ಬೇಕು?"

ಅವರು ಡಬ್ಬಿಯಿಂದ ಕಣ್ಣೆತ್ತಲಿಲ್ಲ.

"ಚೆನ್ನಾಗೇ ಇದೆ ಕಣೋ. ಇವತ್ತು ಭಾನುವಾರ, ಅದಕ್ಕೆ."

ಅದೇ ಎಣ್ಣೆಯನ್ನು ಸೋಸಿ ಮತ್ತೆ ಒಳಗೆ ಸುರಿದೆವು. ಊಟಕ್ಕೆ ಕೂತಾಗ, ಮುಂದಿನ ವಾರ ಫೋರ್ಕು ಬಿಚ್ಚುವುದು ಬೇಡ, ನಾನು ಸುಮ್ಮನೆ ಬರುತ್ತೇನೆ ಎಂದೆ. ಮುದ್ದೆ ಮುರಿಯುತ್ತಿದ್ದ ಮಾವನ ಕೈ ನಿಂತಿತು.

"ಸುಮ್ನೆ ಬಂದ್ರೆ ಏನ್ ಮಾತಾಡೋದ್ಲಾ?"

ಏನೂ ಮಾತಾಡದಿದ್ದರೂ ಆಯಿತು ಎಂದೆ. ಅವರು ಮುರಿದ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಹಂಗಾದ್ರೆ ಶನಿವಾರಾನೇ ಬಂದ್ಬುಡು."