ಸರೋಜಳ ಕಲ್ಲು ಮತ್ತು ನನ್ನ ಬಾಯಿ

ಆರೋಗ್ಯ ವಿಮೆಯ ಪಾಲಿಸಿಯನ್ನು ಮೊದಲಿನಿಂದ ಕೊನೆಯವರೆಗೂ ಓದಿದ ಮನುಷ್ಯ ಇಡೀ ವನಗೂರಿನಲ್ಲಿ ನಾನೊಬ್ಬನೇ ಎಂದು ಆಗ ಹೇಳಿಕೊಳ್ಳುತ್ತಿದ್ದೆ. ಬೇರೆ ಯಾರೂ ಹೇಳುತ್ತಿರಲಿಲ್ಲ.

ಹೆಂಡತಿ ಸರೋಜಳ ಪಿತ್ತಕೋಶದಲ್ಲಿ ಕಲ್ಲಿತ್ತು. ಚೂರು ಎಣ್ಣೆ ಪದಾರ್ಥ ತಿಂದರೂ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಗಂಜಿ ಕುಡಿದು ರೋಸಿಹೋಗಿದ್ದಳು. ಸಕಲೇಶಪುರದ ಆಸ್ಪತ್ರೆಗೆ ಸರ್ಜನ್ ಬರುತ್ತಿದ್ದುದು ಬುಧವಾರ ಮಾತ್ರ. ಅಂಥದೊಂದು ಬುಧವಾರ ಆಪರೇಷನ್ ನಿಗದಿಯಾಯಿತು.

ರೋಗಿಯ ಆರೋಗ್ಯದ ಯಾವ ಸಂಗತಿಯನ್ನೂ ಮುಚ್ಚಿಡಬಾರದು, ಮುಚ್ಚಿಟ್ಟರೆ ವಿಮೆ ಸಿಗದು ಎಂದು ಪಾಲಿಸಿಯಲ್ಲಿತ್ತು. ಇದನ್ನು ಆಸ್ಪತ್ರೆಗೆ ಜೀಪು ಓಡಿಸುತ್ತ ಸರೋಜಳಿಗೆ ವಿವರಿಸಿದೆ. "ಡಾಕ್ಟರ ಹತ್ತಿರ ಎಲ್ಲ ನಾನೇ ಹೇಳ್ತೀನಿ, ನೀನು ಸುಮ್ನಿರು."

"ನಂಗೂ ಬಾಯಿ ಐತೆ ಕಣ್ರೀ."

ಆದರೆ ಡಾಕ್ಟರು ಹೆಂಡತಿಯನ್ನು ಕೇಳಿದ್ದಕ್ಕೆ ಗಂಡ ಉತ್ತರಿಸುವುದೇ ನಮ್ಮ ಕಡೆ ಮರ್ಯಾದೆ. ನಾನು ಮರ್ಯಾದಸ್ಥ.

ಅರಿವಳಿಕೆ ಕೊಡುವ ಡಾಕ್ಟರು ಬಂದು, "ಬೇರೆ ಏನಾದ್ರೂ ತೊಂದರೆ ಇದೆಯೇನಮ್ಮ?" ಎಂದರು.

ಮುಂದೆ ನಡೆದದ್ದನ್ನು ಸರೋಜ ಒಂದು ಥರ ಹೇಳುತ್ತಾಳೆ, ನಾನು ಒಂದು ಥರ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ. ಅದು ನಮ್ಮ ಜೀಪಿನಂತೆ ಇಳಿಜಾರಿನಲ್ಲಿ ಮಾತ್ರ ಚೆನ್ನಾಗಿ ಓಡುತ್ತದೆ.

"ಏಲಕ್ಕಿ ತೋಟದ ಏರು ಹತ್ತುವಾಗ ಇವಳಿಗೆ ಏದುಸಿರು ಬರುತ್ತೆ," ಎಂದು ಶುರುಮಾಡಿದೆ.

"ಆ ಏರಲ್ಲಿ ದನಕ್ಕೂ ಬತ್ತದೆ ಡಾಕ್ಟ್ರೇ," ಎಂದಳು.

"ಹೆಣ್ಣು ನೋಡೋಕೆ ಹೋದಾಗ ತಲೆ ಸುತ್ತಿ ಬಿದ್ದಿದ್ದಳು."

"ಅದು ಇವರ ಮುಖ ನೋಡಿ."

ಡಾಕ್ಟರು ನಗಲಿಲ್ಲ. ಬರೆದುಕೊಂಡರು. ಬರೆದುಕೊಳ್ಳುವವರನ್ನು ಕಂಡರೆ ನನಗೆ ಹುಮ್ಮಸ್ಸು. "ಇವಳ ಸೋದರಮಾವನಿಗೆ ಹೃದಯದ ಕಾಯಿಲೆ ಇತ್ತು. ಕೂತಲ್ಲೇ ಹೋದರು," ಎಂದೆ.

ಡಾಕ್ಟರು ಪೆನ್ನಿಗೆ ಕ್ಯಾಪು ಹಾಕಿದರು. ಹಾಸನದಲ್ಲಿ ಹೃದಯದ ಸ್ಕ್ಯಾನ್ ಮಾಡಿಸದೆ ಅರಿವಳಿಕೆ ಕೊಡಲಾಗದು, ಮುಂದಿನ ಬುಧವಾರ ನೋಡೋಣ ಎಂದರು.

ಮುಂದಿನ ಬುಧವಾರದವರೆಗೆ ಮತ್ತೆ ಗಂಜಿ!

ವಾಪಸು ಬರುವಾಗ, ಮನೆ ಹತ್ತಿರ ಬಂದ ಮೇಲೆ ಸರೋಜ ಹೇಳಿದಳು. "ಕೂತಲ್ಲೇ ಹೋಗಿದ್ದು ನಮ್ಮ ಸೋದರಮಾವ ಅಲ್ಲ ಕಣ್ರೀ. ನಿಮ್ಮ ಸೋದರಮಾವ. ನಮ್ಮ ಮಾವ ನೆನ್ನೆ ತಾನೇ ಬಾಳೆಗೊನೆ ಹೊತ್ಕೊಂಡು ಬಂದಿದ್ರಲ್ಲ, ಮರ್ತುಬುಟ್ರಾ?"

ಹೌದು, ಬಂದಿದ್ದರು. ಆರೋಗ್ಯ ವಿಚಾರಿಸಿದ್ದಕ್ಕೆ ನಾನು ಅವರಿಗೂ ಪಾಲಿಸಿ ವಿವರಿಸಿದ್ದೆ.

ಹಾಸನದ ಸ್ಕ್ಯಾನಿನಲ್ಲಿ ಹೃದಯ ಗಟ್ಟಿಯಾಗಿದೆ ಎಂದು ಬಂತು. "ನಿಮ್ಮ ಜೊತೆ ಸಂಸಾರ ಮಾಡಿ ಗಟ್ಟಿಯಾಗೈತೆ," ಎಂದಳು.

ಮುಂದಿನ ಬುಧವಾರ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ತನ್ನ ತಮ್ಮನನ್ನೇ ಕರೆತಂದಳು. ನಾನು ಹೊರಗಿನ ಬೆಂಚಿನಲ್ಲಿರತಕ್ಕದ್ದು, ಬಾಯಿ ತೆರೆಯತಕ್ಕದ್ದಲ್ಲ ಎಂದು ಅಪ್ಪಣೆಯಾಯಿತು. ಬಾಗಿಲ ಸಂದಿಯಿಂದ ಅವಳ ದನಿ ಕೇಳಿಸಿತು. "ಬೇರೇನೂ ಇಲ್ಲ ಡಾಕ್ಟ್ರೇ. ಸ್ಕ್ಯಾನೂ ಸರಿ ಐತೆ. ಕಲ್ಲೊಂದು ತೆಗೆದುಬುಡಿ."

ಇಷ್ಟನ್ನೇ ಹೇಳುವುದಿತ್ತಂತೆ. ವಿಮೆಯವರೂ ತಕರಾರಿಲ್ಲದೆ ಒಪ್ಪಿದರು.

ಮಧ್ಯಾಹ್ನ ನರ್ಸ್ ಹೊರಗೆ ಬಂದು, ಆಪರೇಷನ್ ಚೆನ್ನಾಗಿ ಆಯಿತು, ಎಚ್ಚರವಾಗಿದೆ ಎಂದರು. ನನಗೆ ಕಣ್ಣು ತುಂಬಿ ಬಂತು. ಅದನ್ನು ಕಂಡು, "ನೀವು ಪೇಷಂಟಿಗೆ ಏನಾಗ್ಬೇಕು?" ಎಂದು ಕೇಳಿದರು.

ಗಂಡ ಎಂದರೆ ಇನ್ನೇನಾದರೂ ಕೇಳಿಯಾರು. ಕೇಳಿದರೆ ನಾನು ಹೇಳಿಬಿಟ್ಟೇನು.

"ಜೀಪಿನ ಡ್ರೈವರ್," ಎಂದೆ.